ಗಂಗಾಲಕ್ಷ್ಮಿ ಸಿಸ್ಟರ್ ಕಾಯುವ ರಬ್ಬರ್ ಬುಡ್ಡಿ

ಬೆಳಗಿನ ಆರು ಗಂಟೆ. ಕೋಲಾರದ ಆಸ್ಪತ್ರೆಯೊಂದರ ಹೆಂಗಸರ ಸರ್ಜರಿ ವಾರ್ಡಿಗೆ ಇನ್ನೂ ಕಾಫಿ ಬಂದಿಲ್ಲ. ರಾತ್ರಿ ಪಾಳಿಯ ನರ್ಸ್ ಗಂಗಾಲಕ್ಷ್ಮಿ ಮಂಚದಿಂದ ಮಂಚಕ್ಕೆ ಓಡಾಡುತ್ತಿದ್ದಾರೆ, ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆಯೇ ಇದ್ದೇನೆ. ರೋಗಿಯ ಮುಖ ನೋಡಿ ನಗುತ್ತಾರೆ, ಮರುಗಳಿಗೆಯಲ್ಲೇ ಕಣ್ಣು ಪಕ್ಕದ ರಬ್ಬರ್ ಬುಡ್ಡಿಯತ್ತ ಹೊರಳುತ್ತದೆ.

ಆಪರೇಷನ್ ಆದ ಜಾಗದೊಳಗೆ ನಿಲ್ಲುವ ರಕ್ತ, ನೀರನ್ನು ಸಣ್ಣ ಪೈಪಿನಲ್ಲಿ ಹೊರಗೆಳೆಯುವ ಸಾಧನವಿದು. ಹೆಸರು ಡ್ರೇನ್. ಬುಡ್ಡಿಯನ್ನು ಹಿಂಡಿ ಚಪ್ಪಟೆ ಮಾಡಿ ಮುಚ್ಚಳ ಹಾಕಿದರೆ ಸರಿ, ಅದು ಮತ್ತೆ ಉಬ್ಬಲು ಹೆಣಗುತ್ತಾ ಒಳಗಿನದನ್ನು ಎಳೆದುಕೊಳ್ಳುತ್ತದೆ. ಕರೆಂಟೂ ಬೇಡ, ಮೋಟಾರೂ ಬೇಡ. ಅಬ್ಬಾ, ಎಂಥ ಜಾಣ ಉಪಾಯ!

ಗಂಗಾಲಕ್ಷ್ಮಿ ಸುಗಟೂರಿನ ರೇಷ್ಮೆ ಬೆಳೆಯುವ ಮನೆಯ ಮಗಳು. ನಲವತ್ತು ಮಂಚಕ್ಕೆ ರಾತ್ರಿ ಇಬ್ಬರೇ ನರ್ಸ್. "ಬೆಳಗಾಗೋ ಹೊತ್ಗೆ ಕಾಲು ನಂದೋ ಬೇರೆಯವ್ರದ್ದೋ ಗೊತ್ತಾಗಲ್ಲ ಸಾರ್" ಎಂದು ನಗುತ್ತಾರೆ.

ಮೂಲೆಯ ಮಂಚದಲ್ಲಿ ಆ ನಗು ನಿಲ್ಲುತ್ತದೆ. ರಾಯಲ್ಪಾಡಿನ ಭಾರತಮ್ಮ ಎದೆಯ ಗಡ್ಡೆಯ ಆಪರೇಷನ್ ಆಗಿ ಮಲಗಿದ್ದಾರೆ. ಅವರ ಬುಡ್ಡಿ ದುಂಡಗೆ ಉಬ್ಬಿದೆ, ಒಳಗೆ ಬರೀ ಗಾಳಿ. ಕಂಕುಳ ಕೆಳಗೆ ಊತ ಬಂದಿದೆ. ಗಂಗಾಲಕ್ಷ್ಮಿ ಕೂಡಲೇ ಡಾಕ್ಟರನ್ನು ಕರೆಸುತ್ತಾರೆ. ಒಳಗಿನ ಪೈಪೇ ಜರುಗಿದ್ದರೆ ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕು ಎನ್ನುತ್ತಾರೆ ಡಾಕ್ಟರು.

"ಅಯ್ಯೋ ದೇವುಡಾ! ಇನ್ನೊಂದ್ಸಲ ನನ್ ಕೈಲಾಗಲ್ಲಮ್ಮಾ" ಎಂದು ಭಾರತಮ್ಮ ಅಳತೊಡಗುತ್ತಾರೆ.

ಟೊಮೆಟೊ ಬೆಳೆಯುವ ಗಂಡ ಶ್ರೀರಾಮಪ್ಪ ಗೋಡೆಗೆ ಅಂಟಿ ನಿಂತಿದ್ದಾರೆ. ಅವರ ಕಡೆ ತಿರುಗಿ ಗಂಗಾಲಕ್ಷ್ಮಿ ಮೆಲ್ಲಗೆ ಕೇಳುತ್ತಾರೆ: "ಮುಚ್ಚಳ ಏನಾದ್ರೂ ತೆಗೆದ್ರಾ ಅಣ್ಣಾ? ತೆಗೆದಿದ್ರೂ ಪರವಾಗಿಲ್ಲ, ಹೇಳಿ."

"ನಾನೇ ತಾಯಿ. ಬುಡ್ಡಿ ಸೊಟ್ಟಗಾಗಿತ್ತು. ಕೆಟ್ಟೋಯ್ತೇನೋ ಅಂತ ಬಿಚ್ಚಿದೆ, ದುಂಡಗಾಯ್ತು. ಸರಿಹೋಯ್ತು ಅಂತ ಮುಚ್ಚಿಟ್ಟೆ."

ಸಿಕ್ಕಿತು ಕಾರಣ! ಗಾಳಿ ಹೊಕ್ಕು ಬುಡ್ಡಿ ಎಳೆಯುವುದನ್ನೇ ನಿಲ್ಲಿಸಿತ್ತು. ಗಂಗಾಲಕ್ಷ್ಮಿ ಗ್ಲೌಸ್ ತೊಟ್ಟು, ಮುಚ್ಚಳ ತೆಗೆದು, ಬುಡ್ಡಿಯ ಬಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಅದನ್ನು ಹಿಂಡಿ ಹಿಡಿದು ಮುಚ್ಚಳ ಒತ್ತುತ್ತಾರೆ. ಎಲ್ಲರ ಕಣ್ಣೂ ಪೈಪಿನ ಮೇಲೆ. ಕೆಂಪು ಗೆರೆಯೊಂದು ನಿಧಾನಕ್ಕೆ ಸರಿದು ಬುಡ್ಡಿಗೆ ಇಳಿಯುತ್ತದೆ. "ಬಂತು, ಬಂತು!" ಎಂದು ಪಕ್ಕದ ಮಂಚದ ದೊಡ್ಡಮುನಿಯಮ್ಮ ಕೂಗಿದರೆ, ಅವರಿಗಿಂತ ಜೋರಾಗಿ ಕೂಗಿದವನು ನಾನು.

ಪಾಳಿ ಮುಗಿದರೂ ಗಂಗಾಲಕ್ಷ್ಮಿ ಮನೆಗೆ ಹೊರಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಊತ ಇಳಿದಿದೆ. ಡಾಕ್ಟರು ಮತ್ತೆ ಪರೀಕ್ಷಿಸಿ, ಥಿಯೇಟರ್ ಬೇಡ ಎಂದಾಗ ಭಾರತಮ್ಮ ಅತ್ತು ನಗುತ್ತಾರೆ.

ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆಯುತ್ತಾ ಕೇಳುತ್ತೇನೆ, ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲವೇ?

"ಯಾಕ್ ಬರಲ್ಲ ಸಾರ್? ಬಂತು, ನುಂಗ್ಕೊಂಡೆ. ನಾವು ಬೈದ್ರೆ ಜನ ಬಾಯೇ ಬಿಡಲ್ಲ. ಆ ಅಣ್ಣ ಭಯಕ್ಕೆ ಸುಮ್ನಿದ್ದಿದ್ರೆ ಆಯಮ್ಮನ್ನ ಸುಮ್ಸುಮ್ನೆ ಮತ್ತೆ ಕೊಯ್ಬೇಕಾಗ್ತಿತ್ತು. ತಪ್ಪು ಮಾಡ್ದೋರೂ ನನ್ ಹತ್ರ ನಿಜ ಹೇಳ್ತಾರೆ. ನಂಗೆ ಅದೇ ಹೆಮ್ಮೆ."