ಹುಲ್ಲು ಬೇಕಿದ್ದ ಹಕ್ಕಿ

ಬ್ಯಾಂಕಿನವರು ನನ್ನನ್ನು ನಾಗಪುರಕ್ಕೆ ವರ್ಗ ಮಾಡಿದಾಗ ನಾವು ಹಿಡಿದದ್ದು ಮನೀಶ್ ನಗರದ ಕಟ್ಟಕಡೆಯ ಮನೆ. ತೊಂಬತ್ತರ ದಶಕ ಮುಗಿಯುತ್ತಿತ್ತು. ಹಿತ್ತಲಿನ ಗೋಡೆಯಾಚೆ ಬರೀ ಹುಲ್ಲು. ಹಾವಿಗೆ ಹೆದರಿ ಯಾರೂ ಆ ಮನೆಗೆ ಬರುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮೊದಲ ಮಳೆಗಾಲ. ಮಳೆ ಬಿಟ್ಟ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದ ಹೆಂಡತಿ ಕೂಗಿದಳು: “ರೀ, ಲಗೂನ ಬರ್ರಿ. ಹುಲ್ಲಾಗ ಏನೋ ಜಿಗಿಯಾಕತ್ತೈತಿ!”

ಕೋಳಿಯಷ್ಟು ದೊಡ್ಡ ಕರಿ ಹಕ್ಕಿ, ಕುತ್ತಿಗೆಯ ಬುಡದಲ್ಲಿ ಬಿಳುಪು. ಹುಲ್ಲಿನೊಳಗಿಂದ ಆಳೆತ್ತರಕ್ಕೆ ಚಿಮ್ಮುವುದು, ರೆಕ್ಕೆ ಪಟಪಟ ಬಡಿದು ಅಲ್ಲೇ ಬೀಳುವುದು, ಮಾಯವಾಗುವುದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಇದಕ್ಕೇನು ತಲೆ ಕೆಟ್ಟಿದೆಯೇ ಅಂದುಕೊಂಡೆ. ಆ ದಿನ ಬ್ಯಾಂಕಿಗೆ ತಡವಾಗಿ ಹೋದೆ.

ಪಿಂಚಣಿಗೆ ನಮ್ಮ ಬ್ಯಾಂಕಿಗೇ ಬರುತ್ತಿದ್ದ, ಲಕ್ಷ್ಮೀ ನಗರದ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರಿಗೆ ಇದನ್ನು ಹೇಳಿದೆ. ಅವರು ಸ್ಕೂಟರಿನಲ್ಲಿ ಬಂದು, ನೋಡಿ, ಕಣ್ಣೊರೆಸಿಕೊಂಡರು. ಇದು ತಣಮೋರ್, ಅಂದರೆ ಹುಲ್ಲಿನ ನವಿಲು ಎಂದರು. ಮಳೆಗಾಲದಲ್ಲಷ್ಟೇ ಬರುತ್ತದೆ. ಹುಲ್ಲಿನಲ್ಲಿ ಅಡಗಿರುವ ಹೆಣ್ಣಿಗೆ ಕಾಣಲೆಂದು ಗಂಡು ಹೀಗೆ ಜಿಗಿಯುತ್ತದೆ. ನೆಲದ ಮೇಲೇ ಮೊಟ್ಟೆ. ಅದಕ್ಕೆ ಬೇಕಾದದ್ದು ಮೊಣಕಾಲುದ್ದದ ಹುಲ್ಲು, ಬಯಲು, ಅಷ್ಟೇ. ಅದು ಹೋದರೆ ಹಕ್ಕಿಯೂ ಹೋಯಿತು. ದೇಶದಲ್ಲೇ ಬಹಳ ಉಳಿದಿಲ್ಲ.

ಮೂರ್ನಾಲ್ಕು ಮಳೆಗಾಲ ಅದು ಬಂತು. ನಾವು ಮಾಳಿಗೆಯ ಮೇಲೆ ಚಹಾ ಹಿಡಿದು ಕೂತೆವು. ಅಷ್ಟರಲ್ಲಿ ವಿಮಾನ ನಿಲ್ದಾಣದ ಕಡೆ ಮಿಹಾನ್ ಎಂಬ ಭಾರಿ ಕೈಗಾರಿಕಾ ಯೋಜನೆ ಬರುತ್ತದೆಂಬ ಸುದ್ದಿ ಹಬ್ಬಿ, ಒಬ್ಬ ಬಿಲ್ಡರ್ ನಮ್ಮ ಹುಲ್ಲಿನಲ್ಲಿ ಬಿಳಿ ಬಳಿದ ಕಲ್ಲು ನೆಡಿಸಿದ. ಅದು ಬಡಾವಣೆಗೆ ಬಿಟ್ಟ ಖಾಲಿ ಜಾಗ, ಮಾರುವಂಥದ್ದಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸರ್ಕಾರಿ ಕಚೇರಿಗೆ ಅಲೆದೆ, ಈ ಟೇಬಲ್‌ನವರು ಆ ಟೇಬಲ್‌ಗೆ ಅಟ್ಟಿದರು. ಕೊನೆಗೆ ಬಡಾವಣೆಯ ಸಂಘದ ಸೆಕ್ರೆಟರಿ ಜೊತೆಗೆ ನಿಂತರು. ಮದ್ದುಗುಂಡು ಮಾಡುವ ಆರ್ಡ್‌ನೆನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದವರು, ಬಿಜಾಪುರದ ಕಡೆಯವರು. ಅವರು ಒಂದು ಸಲ ಗದರಿದರೆ ಗುಮಾಸ್ತರು ಎದ್ದು ನಿಲ್ಲುತ್ತಿದ್ದರು. ವರ್ಷದೊಳಗೆ ಕಲ್ಲುಗಳನ್ನು ಕಿತ್ತರು. ಸಂತ್ರಾ ಬರ್ಫಿ ತಂದು ಓಣಿಗೆಲ್ಲ ಹಂಚಿದೆ.

ಮುಂದಿನ ಬೇಸಗೆಯ ಕೊನೆಗೆ ಸೆಕ್ರೆಟರಿಯವರೇ ಮನೆಗೆ ಬಂದರು.

“ಸಾಹೇಬ್ರ, ಮೊದಲನೇ ಗಿಡ ನಿಮ್ಮ ಕೈಲೇ ಹಚ್ಚಬೇಕು. ಗುಂಡಿ ತಯಾರ್ ಅದಾವ.”

“ಯಾವ ಗಿಡ?”

“ಬೇವು, ಹೊಂಗಿ, ಗುಲ್‌ಮೊಹರ್. ಇಷ್ಟು ಬಡಿದಾಡಿ ಜಾಗಾ ಉಳಿಸೇವಿ, ಬಂಜರ್ ಬಿಡೋದೇನು?”

ನಾನು ಹಕ್ಕಿಯ ಕಥೆಯನ್ನೆಲ್ಲ ಹೇಳಿದೆ. ಮೇಷ್ಟ್ರ ಮಾತುಗಳನ್ನೇ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

“ಬರೋಬರ್. ಆದ್ರ ಗಿಡ ಬ್ಯಾಡ ಅನ್ನೋ ಹಕ್ಕಿ ಎಲ್ಲ್ಯರ ಇರತೈತೇನ್ರಿ?” ಎಂದು ನಕ್ಕರು. ಆಮೇಲೆ ದನಿ ತಗ್ಗಿತು. “ನಮ್ಮೂರಾಗ ನೆರಳಿಗಂತ ಒಂದ ಗಿಡ ಇರಲಿಲ್ಲ, ಸಾಹೇಬ್ರ. ನಮ್ಮವ್ವ ಬಿಸಲಾಗ ಕಳೀ ಕಿತ್ತು ಕಿತ್ತು ಹ್ವಾದ್ಲು. ನನ್ನ ಕೈಲೆ ಒಂದು ತೋಪು ಆಗಲಿ ಅಂತ ಭಾಳ ಆಸೆ ಐತಿ.”

ಬಿಲ್ಡರನಾಗಿದ್ದರೆ ಬೈಯಬಹುದಿತ್ತು. ಇವರಿಗೆ ಏನೆಂದು ಬೈಯಲಿ? ಮರುದಿನ ಮೇಷ್ಟ್ರನ್ನೇ ಕರೆತಂದೆ. ಅವರಿಗೆ ಚಹಾ, ಶಾಲು, ಗೌರವ ಎಲ್ಲ ಸಿಕ್ಕಿತು. ಗುಂಡಿ ಒಂದೂ ಮುಚ್ಚಲಿಲ್ಲ. ಹಾವಿನ ನೆಪದಲ್ಲಿ ಸೆಕ್ರೆಟರಿ ಹುಲ್ಲನ್ನೂ ಕೊಯ್ಯಿಸಿದರು. ಹಕ್ಕಿಗೆ ಬೇಜಾರಾಗದಿರಲೆಂದು ಮರದ ಗೂಡುಗಳನ್ನು ಮಾಡಿಸಿ ಕಂಬಕ್ಕೆ ತೂಗುಹಾಕಿದರು. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಕಂಬದ ಮೇಲೆ ಮನೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲ ಗಿಡ ನೆಡಲು ನಾನು ಹೋಗಲಿಲ್ಲ. ಸಾಹೇಬರಿಗೆ ಜ್ವರವೆಂದು ಅವರೇ ಎಲ್ಲರಿಗೆ ಹೇಳಿ ನನ್ನ ಮರ್ಯಾದೆ ಕಾಪಾಡಿದರು.

ಆ ಮಳೆಗಾಲದಲ್ಲೂ ಹಕ್ಕಿ ಬಂತು. ಬರಬಾರದೆಂದು ಹರಕೆ ಹೊತ್ತಷ್ಟು ಬೇಡಿಕೊಂಡಿದ್ದೆ. ಪಾದ ಮುಚ್ಚದ ಹುಲ್ಲಿನಲ್ಲಿ, ಗಿಡಗಳ ಕಬ್ಬಿಣದ ಬೇಲಿಗಳ ನಡುವೆ, ಎಲ್ಲರಿಗೂ ಕಾಣುವಂತೆ ನಿಂತು ಜಿಗಿಯಿತು. ಓಣಿಯ ಜನ ಸೇರಿ ಚಪ್ಪಾಳೆ ತಟ್ಟಿದರು. ಅಡಗಲು ಹುಲ್ಲೇ ಇಲ್ಲದ ಜಾಗಕ್ಕೆ ಹೆಣ್ಣು ಎಲ್ಲಿಂದ ಬರಬೇಕು? ಎರಡು ಮೂರು ದಿನ ಜಿಗಿದು ಅದು ಹೋಯಿತು.

“ಸಾಕು, ಒಳಗ ಬರ್ರಿ,” ಎಂದು ಹೆಂಡತಿ ಕರೆದಳು. ನನಗೆ ಯಾರ ಮೇಲಾದರೂ ರೇಗಬೇಕಿತ್ತು. ಅವಳ ಮೇಲೆ ರೇಗಿದೆ.

ಮರುವರ್ಷ ಬೇವು ನನ್ನ ಭುಜಕ್ಕೆ ಬಂದಿತ್ತು. ಮಳೆ ಹಿಡಿದು ತಿಂಗಳಾದರೂ ಹಕ್ಕಿಯಿಲ್ಲ. ಒಂದು ಸಂಜೆ ಸೆಕ್ರೆಟರಿ ಕೊಡೆ ಹಿಡಿದು ಬಂದರು. ಮುಖ ಸಣ್ಣದಾಗಿತ್ತು.

“ಸಾಹೇಬ್ರ, ನಿಮ್ಮ ಹಕ್ಕಿ ಇನ್ನೂ ಬಂದಿಲ್ಲಲ್ರಿ,” ಎಂದರು. “ದಿನಾ ಬೆಳಿಗ್ಗೆ ಹೋಗಿ ನೋಡಾಕತ್ತೇನಿ.”

“ಹೌದು, ಬಂದಿಲ್ಲ.”

ಅವರು ಕೊಡೆ ಮಡಚಿ ಗೋಡೆಗೆ ಒರಗಿಸಿಟ್ಟರು.

“ಒಂದ್ ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನೊಂದಿಷ್ಟು ಗಿಡ ಹಚ್ಚಿಸೋಣೇನು?”