ಪುಟ್ಟಸ್ವಾಮಣ್ಣನ ಜಂಕ್ಷನ್

ಪುಟ್ಟಸ್ವಾಮಣ್ಣ ನಮ್ಮೂರನ್ನು ಬರೀ ನಂಜನಗೂಡು ಎಂದದ್ದು ನನಗೆ ನೆನಪಿಲ್ಲ. ‘ನಂಜನಗೂಡು ಜಂಕ್ಷನ್’ ಎನ್ನುತ್ತಿದ್ದರು, ಸ್ಟೇಷನ್ ಮೈಕಿನಲ್ಲಿ ಕೂಗಿದಂತೆ ಎಳೆದು. ರೈಲಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು, ನಮ್ಮ ಪಕ್ಕದ ಮನೆಯವರು. ಮೈಸೂರಿನಿಂದ ಬಂದ ಹಳಿ ನಮ್ಮೂರು ದಾಟಿ ಚಾಮರಾಜನಗರಕ್ಕೆ ಹೋಗುತ್ತದೆ, ಅಷ್ಟೇ. ಜಂಕ್ಷನ್ ಎಲ್ಲಿಂದ ಬಂತು ಎಂದರೆ ಅವರಿಗೆ ಕೋಪ.

“ನರಸೀಪುರಕ್ಕೆ ಕವಲು ಲೈನ್ ಬತ್ತದೆ ಕಣಪ್ಪ. ಸರ್ವೆಯೋರು ಕಲ್ಲು ನೆಟ್ಟಿದ್ನ ನಾನೇ ನೋಡಿವ್ನಿ.”

ಆ ಕಲ್ಲುಗಳು ರೈಲಿನವೋ, ನಾಲೆಯವೋ, ವಿಚಾರಿಸಿದರೂ ನನಗೆ ತಿಳಿಯಲಿಲ್ಲ. ಕೇಳಿ ಕೇಳಿ, ಅವನ್ನು ನಾನೂ ಕಂಡಿದ್ದೇನೆ ಎಂದು ಈಗ ಒಮ್ಮೊಮ್ಮೆ ಅನಿಸುತ್ತದೆ.

ನರಸೀಪುರ ಅವರ ಹೆಂಡತಿ ಜಯಮ್ಮನ ತವರು. ಮದುವೆಯ ಹೊಸತರಲ್ಲಿ ಎತ್ತಿನ ಗಾಡಿಯಲ್ಲಿ ಹೋಗಿದ್ದಾಗ, ಇನ್ನು ಬಂದರೆ ರೈಲಿನಲ್ಲೇ ಬರುವುದು ಎಂದು ಮಾವನ ಮನೆಯವರೆದುರು ಜಂಭ ಕೊಚ್ಚಿದ್ದರಂತೆ. ರೈಲು ಬರಲಿಲ್ಲ. ಅಳಿಯನೂ ಹೋಗಲಿಲ್ಲ. ಹಬ್ಬಕ್ಕೆ ಜಯಮ್ಮ ಒಬ್ಬರೇ ಬಸ್ಸಿನಲ್ಲಿ ಹೋಗಿ ಬಂದು, ನಮಗೂ ಕೇಳುವಂತೆ ಗಂಡನನ್ನು ಚುಚ್ಚುತ್ತಿದ್ದರು.

“ಬಾವನ ರೈಲು ಎಲ್ಲಿಗ್ ಬಂತಕ್ಕಾ ಅಂದ ನಮ್ ತಮ್ಮ. ಇನ್ನೂ ಇಂಜಿನ್ಗೆ ನೀರ್ ಕುಡಿಸ್ತಾವ್ರೆ ಅಂದೆ.”

“ನಗಾಡ್ಲಿ ಬುಡಮ್ಮಿ, ಬಂದಾಗ ಗೊತ್ತಾಯ್ತದೆ.”

ಬರಬರುತ್ತಾ ಆ ಮಾತಿನಲ್ಲಿ ನಗು ಉಳಿಯಲಿಲ್ಲ. ತವರಿನಲ್ಲಿ ತಾಯಿ ತೀರಿಕೊಂಡ ದಿನ ಜಯಮ್ಮ ಗಂಡನನ್ನು ಬಸ್‌ಸ್ಟ್ಯಾಂಡಿನವರೆಗೂ ಕರೆದೊಯ್ದಿದ್ದರು. “ಇವತ್ತೊಂದಿನ ಬಸ್ ಅತ್ಕೊಳ್ಳಿ ಅಂದೆ ಕಣವ್ವ. ನೀನು ಓಗಿರು, ಬತ್ತೀನಿ ಅಂದ್ರು,” ಎಂದು ನಮ್ಮಮ್ಮನೆದುರು ಅತ್ತರು. ಬಸ್ ತುಂಬಿತ್ತು ಎಂದು ಪುಟ್ಟಸ್ವಾಮಣ್ಣ ಹೇಳುತ್ತಿದ್ದರು. ಇರಬಹುದು. ಅಂದಿನಿಂದ ಆ ಮನೆಯಲ್ಲಿ ನರಸೀಪುರದ ಹೆಸರೆತ್ತುವುದೇ ನಿಂತಿತು. ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕುವಾಗ ಮಾತ್ರ ಪುಟ್ಟಸ್ವಾಮಣ್ಣ ದಿನವೂ ಹೋಗಿ ನಿಲ್ಲುತ್ತಿದ್ದರು, ಹಳಿ ಎಲ್ಲಾದರೂ ಪೂರ್ವಕ್ಕೆ, ನರಸೀಪುರದ ಕಡೆಗೆ, ತಿರುಗುತ್ತದೆಯೇ ಎಂದು.

ಹೋದ ವರ್ಷ ಜಯಮ್ಮ ತೀರಿಕೊಂಡರು. ತನ್ನ ಬೂದಿಯನ್ನು ತವರಿನ ಸಂಗಮದಲ್ಲೇ ಬಿಡಬೇಕೆಂದು ಹೇಳಿಹೋಗಿದ್ದರು. ಮಕ್ಕಳಿರಲಿಲ್ಲ, ನಾನು ಜೊತೆಗೆ ಹೊರಟೆ. ಕೆಲವೇ ತಿಂಗಳಲ್ಲಿ ಪುಟ್ಟಸ್ವಾಮಣ್ಣನೂ ತೀರಿಕೊಂಡದ್ದರಿಂದ, ನಾವು ಒಟ್ಟಿಗೆ ಎಲ್ಲಿಗಾದರೂ ಹೋದದ್ದು ಅದೊಂದೇ ಸಲ.

ಕಾರು ತರಿಸುತ್ತೇನೆ ಎಂದೆ.

“ಬ್ಯಾಡ. ಅವ್ಳು ಓಯ್ತಿದ್ದ ಬಸ್ಸಲ್ಲೇ ಓಗವ.”

ಬಟ್ಟೆ ಕಟ್ಟಿದ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತರು. ನರಸೀಪುರದಲ್ಲಿ ಎಲ್ಲರೂ ಇಳಿದರು, ಅವರು ಏಳಲಿಲ್ಲ. ಕಂಡಕ್ಟರ್ ಹತ್ತಿರ ಬಂದ. “ಯಜಮಾನ್ರೇ, ಊರು ಬಂತು, ಇಳೀರಿ.”

“ಬಂದೇಬುಡ್ತಾ?” ಎಂದು ನನ್ನ ಮುಖ ನೋಡಿದರು.

“ಹೂಂ ಅಣ್ಣ.”

ಅವರು ತಲೆ ಬಗ್ಗಿಸಿ, ಕುಡಿಕೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

“ಇಷ್ಟೇಯೇನಮ್ಮಿ ದೂರ?”