ರಂಗವ್ವ ಸರ್ಕಾರದ ಮೇಲೆ ಹೂಡಿದ ದಾವೆ

ಮಾಯಕೊಂಡದ ರಂಗವ್ವನ ತಂಗಿಯನ್ನು ಅವಳ ಗಂಡ ಕುಡಿದು ಬಂದು ಅಂಗಳದಲ್ಲಿ ಎಳೆದಾಡುತ್ತಿದ್ದ. ರಂಗವ್ವ ಕೈಗೆ ಸಿಕ್ಕ ಒನಕೆಯಿಂದ ಬಾರಿಸಿದಳು. ಅವನ ಕಾಲು ಮುರಿಯಿತು. ಕೋರ್ಟಿನಲ್ಲಿ ಕೇಳಿದಾಗ, "ಹೊಡ್ದಿದ್ದು ಹೌದ್ರಿ" ಎಂದಳು. ಮೂರು ವರ್ಷ ಶಿಕ್ಷೆಯಾಯಿತು. ತಕರಾರು ಮಾಡದೆ ಜೈಲಿಗೆ ಹೋದಳು.

ಅಲ್ಲಿ ಅವಳಿಗೆ ಅಡುಗೆಮನೆಯ ಕೆಲಸ ಸಿಕ್ಕಿತು. ಹಬೆಯಲ್ಲಿ ಅನ್ನ ಬೇಯಿಸುವ ಹಳೆಯ ಬಾಯ್ಲರಿನ ವಾಲ್ವು ಸೋರುತ್ತಿತ್ತು. ರಂಗವ್ವ ಅಧಿಕಾರಿಗೆ ಹೇಳಿದಳು.

"ಹೆಂಗ ನಡೀತೈತೋ ಹಂಗ ನಡೀಲಿ ಬಿಡು" ಎಂದು ಆತ ಹೊರಟುಹೋದ.

ಒಂದು ಮುಂಜಾನೆ ವಾಲ್ವು ಕಿತ್ತು ಹಾರಿತು. ರಂಗವ್ವನ ಬಲಗೈ ಮೊಣಕೈಯಿಂದ ಕೆಳಗೆ ಬೆಂದುಹೋಯಿತು. ಗಾಯ ಮಾಯಿತು, ಬೆರಳು ಮಾತ್ರ ಮುದುಡಿಕೊಂಡೇ ಉಳಿದವು. ತಲೆಗೂದಲು ಬಾಚಿಕೊಳ್ಳಲೂ ಇನ್ನೊಬ್ಬರು ಬೇಕಾಯಿತು.

ಕೈದಿಗಳಿಗೆ ಉಚಿತ ಕಾನೂನು ನೆರವು ಕೊಡಲು ದಾವಣಗೆರೆಯಿಂದ ಬರುತ್ತಿದ್ದ ವಕೀಲೆ ಪದ್ಮಶ್ರೀ ಆ ಕೈಯನ್ನು ನೋಡಿದಳು.

"ಇದಕ್ಕೆ ದಾವೆ ಹಾಕಬಹುದು, ರಂಗವ್ವ."

"ಯಾರ ಮ್ಯಾಲ್ರಿ?"

"ಸರ್ಕಾರದ ಮೇಲೆ."

ರಂಗವ್ವ ನಕ್ಕುಬಿಟ್ಟಳು. "ಸರ್ಕಾರದ ಅನ್ನ ಉಣ್ಕಂತ ಸರ್ಕಾರದ ಮ್ಯಾಲೇನಾ?"

ಆದರೂ ವಕಾಲತ್ತಿಗೆ ಎಡಗೈ ಹೆಬ್ಬೆಟ್ಟು ಒತ್ತಿದಳು.

ಬಿಡುಗಡೆಯಾಗಿ ಬಂದ ಮೇಲೂ ಕೇಸು ನಡೆಯುತ್ತಲೇ ಇತ್ತು. ವಾಲ್ವಿನ ಬಗ್ಗೆ ಯಾರೂ ದೂರು ಹೇಳಿರಲಿಲ್ಲ, ತಪ್ಪು ಅವಳದೇ ಎಂದು ಸರ್ಕಾರದ ಕಡೆಯವರು ವಾದಿಸಿದರು. ಅವಳು ಅಧಿಕಾರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದವರು ಒಬ್ಬರೇ, ವಾರ್ಡರ್ ಮರುಳಸಿದ್ದಮ್ಮ. ಅವರು ನಿವೃತ್ತಿಯಾಗಿ ಹರಿಹರದಲ್ಲಿದ್ದರು. ರಂಗವ್ವ ಅವರ ಮನೆ ಹುಡುಕಿಕೊಂಡು ಹೋದಳು.

"ಪೆನ್ಷನ್‌ಗೆ ಕಲ್ಲು ಹಾಕ್ತಾರೇನೋ ಅಂತ ಅಂಜಿಕೆ ಐತವ್ವ" ಎಂದರು ಮರುಳಸಿದ್ದಮ್ಮ, ಅವಳ ಕೈಯತ್ತ ನೋಡದೆ.

"ಬಲವಂತ ಇಲ್ರಿ ಮೇಡಂ. ಬರಲಿಲ್ಲಂದ್ರೂ ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ" ಎಂದು ರಂಗವ್ವ ಎದ್ದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳು ನುಂಗಿಕೊಂಡಳು.

ವಿಚಾರಣೆಯ ದಿನ ಸರ್ಕಾರಿ ವಕೀಲರು ಅವಳನ್ನು ಕೇಳಿದರು: "ನೀನು ಒಬ್ಬನ ಕಾಲು ಮುರಿದು ಜೈಲಿಗೆ ಹೋದವಳು, ಹೌದೋ ಅಲ್ಲೋ?"

"ಹೌದ್ರಿ. ಅದಕ್ಕ ಮೂರು ವರ್ಷ ಅಂದ್ರಿ, ಅನುಭವಿಸಿದೆ. ಕೈ ಸುಡ್ರಿ ಅಂತ ಆ ತೀರ್ಪಿನಾಗ ಬರ್ದಿತ್ತೇನ್ರಿ?"

ರಂಗವ್ವ ಸಾಕ್ಷಿಕಟ್ಟೆ ಇಳಿದಳು. ಅಷ್ಟರಲ್ಲಿ ಬಾಗಿಲಲ್ಲಿ ಮರುಳಸಿದ್ದಮ್ಮ ಕಾಣಿಸಿಕೊಂಡರು. ಸೆರಗು ಹೊದ್ದು, ಏದುಸಿರು ಬಿಡುತ್ತ ಬಂದು ಸಾಕ್ಷಿಕಟ್ಟೆ ಹತ್ತಿದರು. "ಈಕಿ ಹೇಳಿದ್ದು ನಾನೇ ಕೇಳೀನಿ ಸ್ವಾಮಿ. ಆ ಸಾಹೇಬ್ರು ಕಿವಿಗೇ ಹಾಕ್ಕಣಲಿಲ್ಲ." ಅಡ್ಡಸವಾಲು ಎಷ್ಟು ಹಾಕಿದರೂ ಮಾತು ಬದಲಿಸಲಿಲ್ಲ.

ತೀರ್ಪಿನ ದಿನ ರಂಗವ್ವನ ತಂಗಿಯೂ ಜೊತೆಗಿದ್ದಳು. ಶಿಕ್ಷೆ ಕಸಿದುಕೊಳ್ಳುವುದು ಕೈದಿಯ ಸ್ವಾತಂತ್ರ್ಯವನ್ನು ಮಾತ್ರ, ಆಕೆಯ ಮೈ ಕಾಯುವ ಹೊಣೆ ಸರ್ಕಾರದ್ದೇ ಎಂದರು ನ್ಯಾಯಾಧೀಶರು. ಪರಿಹಾರ ಕೊಡಬೇಕು, ಬೆರಳುಗಳ ಶಸ್ತ್ರಚಿಕಿತ್ಸೆಯ ಖರ್ಚನ್ನೂ ಭರಿಸಬೇಕು ಎಂದು ಆದೇಶವಾಯಿತು. ಆ ಬಾಯ್ಲರನ್ನು ಜೈಲಿನವರು ಆಗಲೇ ಗುಜರಿಗೆ ಹಾಕಿದ್ದರು.

ಮೆಟ್ಟಿಲ ಮೇಲೆ ತಂಗಿ ಅವಳನ್ನು ತಬ್ಬಿಕೊಂಡು ಅತ್ತಳು. ರಂಗವ್ವ ಪದ್ಮಶ್ರೀಯ ಕೈಯಲ್ಲಿದ್ದ ತೀರ್ಪಿನ ಹಾಳೆಯತ್ತ ಬಗ್ಗಿದಳು.

"ಮ್ಯಾಲೆ ಏನಂತ ಐತ್ರಿ?"

"ರಂಗವ್ವ ವರ್ಸಸ್ ಸರ್ಕಾರ."

"ಮೊದ್ಲು ನನ್ನ ಹೆಸರಾ!" ಎಂದು ಕಾವಲಿನ ಪೊಲೀಸರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು ರಂಗವ್ವ.